ಕ್ಯಾಂಪಸ್ಸಿನಲ್ಲಿ ಕರೆಂಟು, ತಂಪು, ಬಿಸಿನೀರು ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ಒಂದು ಕಟ್ಟಡದಿಂದ ದೂರು ಬಂತೆಂದ ಮಾತ್ರಕ್ಕೆ ದೋಷ ಆ ಕಟ್ಟಡದಲ್ಲೇ ಇದೆ ಎಂದಲ್ಲ. ಗ್ರಂಥಾಲಯದ ಎಸಿ ತಂಪು ಕೊಡದಿರುವುದಕ್ಕೆ ಕಾರಣ ಅರ್ಧ ಕಿಲೋಮೀಟರ್ ಆಚೆಯ ಆಡಿಟೋರಿಯಂನಲ್ಲಿ ಯಾರೋ ತೆರೆದಿಟ್ಟ ಬೈಪಾಸ್ ವಾಲ್ವ್ (ತಣ್ಣೀರನ್ನು ಎಸಿಗೆ ಹೋಗಗೊಡದೆ ಅಡ್ಡದಾರಿಯಲ್ಲಿ ವಾಪಸ್ ಕಳಿಸುವ ವಾಲ್ವ್) ಇರಬಹುದು. ಹಾಸ್ಟೆಲಿನಲ್ಲಿ ಟ್ಯೂಬ್‌ಲೈಟುಗಳು ಸುಡುತ್ತಿದ್ದರೆ ಸಬ್‌ಸ್ಟೇಷನ್ನಿನ ಪ್ಯಾನೆಲಿನಲ್ಲಿ ಸಡಿಲಾದ ಒಂದು ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ತಂತಿಯ) ಬೋಲ್ಟ್ ಇರಬಹುದು. ಆದ್ದರಿಂದ ಯಾವ ಪ್ಯಾನೆಲಿನ ಬಾಗಿಲನ್ನೂ ತೆಗೆಯುವ ಮೊದಲು ಒಂದೇ ಕೆಲಸ: ದೂರಿನ ಗಡಿ ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳಿ. ಒಂದೇ ಕೋಣೆಯೇ, ಒಂದು ಮಹಡಿಯೇ, ಇಡೀ ಕಟ್ಟಡವೇ, ಒಂದೇ ಟ್ರಾನ್ಸ್‌ಫಾರ್ಮರ್ ಕೆಳಗಿನ ಕಟ್ಟಡಗಳೇ, ಇಲ್ಲ ಇಡೀ ಕ್ಯಾಂಪಸ್ಸೇ? ನಾಲ್ಕು ಕಟ್ಟಡಗಳಿಗೆ ಫೋನ್ ಮಾಡಿದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಗಡಿ ಸಿಕ್ಕರೆ ದೋಷದ ಜಾಗ ಮುಕ್ಕಾಲು ಭಾಗ ಸಿಕ್ಕಂತೆ.

ರಾಯಚೂರು, ಬಳ್ಳಾರಿ, ಕೊಪ್ಪಳ ಭಾಗದ ದೊಡ್ಡ ಕ್ಯಾಂಪಸ್ಸುಗಳ ವ್ಯವಸ್ಥೆ ಸಾಮಾನ್ಯವಾಗಿ ಹೀಗಿರುತ್ತದೆ. ವಿದ್ಯುತ್ ಕಂಪನಿ ಜೆಸ್ಕಾಂನ 11 ಕೆವಿ (11,000 ವೋಲ್ಟ್) ಲೈನು ಗೇಟಿನ ಹತ್ತಿರದ ಡಿಪಿ ಕಂಬಕ್ಕೆ (ಜೋಡಿ ಕಂಬ) ಬರುತ್ತದೆ. ಅಲ್ಲಿಂದ ಎಚ್‌ಟಿ (ಹೆಚ್ಚು ವೋಲ್ಟೇಜಿನ) ಮೀಟರಿಂಗ್ ಕ್ಯೂಬಿಕಲ್, ಮುಖ್ಯ ವಿಸಿಬಿ (ವ್ಯಾಕ್ಯೂಮ್) ಬ್ರೇಕರ್. ಅದರಾಚೆ ನೆಲದೊಳಗಿನ 11 ಕೆವಿ ಕೇಬಲ್ ರಿಂಗ್ ಆಗಿ ಕ್ಯಾಂಪಸ್ ಸುತ್ತಿ ಬರುತ್ತದೆ. ಒಂದೊಂದು ಸಬ್‌ಸ್ಟೇಷನ್ನಿನಲ್ಲೂ ಒಂದು ಆರ್‌ಎಂಯು (ರಿಂಗಿನ ಸ್ವಿಚ್ಚುಗಳ ಪೆಟ್ಟಿಗೆ), ಅದರ ಕೆಳಗೆ 11 ಕೆವಿಯನ್ನು 433 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್, ಎಲ್‌ಟಿ (ಕಡಿಮೆ ವೋಲ್ಟೇಜಿನ) ಪ್ಯಾನೆಲ್, ಅಲ್ಲಿಂದ ಫೀಡರ್ ಪಿಲ್ಲರ್ (ಬಯಲಿನಲ್ಲಿ ನಿಲ್ಲಿಸಿದ ಹಂಚಿಕೆ ಪೆಟ್ಟಿಗೆ), ಕೊನೆಗೆ ಕಟ್ಟಡ. ತಂಪಿಗೆ ಒಂದು ಚಿಲ್ಲರ್ (ನೀರು ತಣಿಸುವ ಯಂತ್ರದ) ಪ್ಲಾಂಟು. ಅಲ್ಲಿಂದ 7 ಡಿಗ್ರಿಯ ನೀರು ಇನ್ಸುಲೇಷನ್ ಸುತ್ತಿದ ಪೈಪಿನಲ್ಲಿ ಕಟ್ಟಡಗಳ ಎಎಚ್‌ಯುಗಳಿಗೆ (ಗಾಳಿ ತಣಿಸಿ ಕೋಣೆಗಳಿಗೆ ಊದುವ ಯಂತ್ರಗಳಿಗೆ) ಹೋಗಿ 12 ಡಿಗ್ರಿಯ ಆಸುಪಾಸಿನಲ್ಲಿ ವಾಪಸ್ ಬರುತ್ತದೆ. ಚಳಿ ದೇಶಗಳ ಕ್ಯಾಂಪಸ್ಸುಗಳ ಹಾಗೆ ಕೋಣೆ ಬೆಚ್ಚಗಿಡುವ ಹಬೆ ಪೈಪುಗಳು ನಮ್ಮ ಕಡೆ ಬೇಕಿಲ್ಲ. ಇಲ್ಲಿ ಬಿಸಿ ಎಂದರೆ ಹಾಸ್ಟೆಲಿನ ಸ್ನಾನದ ನೀರು, ಮೆಸ್ಸಿನ ನೀರು.

ಮುಟ್ಟುವ ಮೊದಲು

11 ಕೆವಿ ಭಾಗದಲ್ಲಿ ಕೈಯಿಡುವುದು ಪರವಾನಗಿ ಇರುವವರ ಕೆಲಸ, ಅದೂ ಇಬ್ಬರು ಇದ್ದಾಗ ಮಾತ್ರ. ಡಿಪಿ ಕಂಬದ ಕಡೆ ಕೆಲಸವಿದ್ದರೆ ಜೆಸ್ಕಾಂ ಶಾಖೆಯಿಂದ ಎಲ್‌ಸಿ (ಲೈನು ಆಫ್ ಮಾಡಿಸಿ ಪಡೆಯುವ ಅನುಮತಿ) ತೆಗೆದುಕೊಳ್ಳಿ. ಮೀಟರಿಂಗ್ ಕ್ಯೂಬಿಕಲ್ಲಿನ ಸೀಲುಗಳನ್ನು ಕ್ಯಾಂಪಸ್ಸಿನವರು ಮುಟ್ಟುವಂತಿಲ್ಲ. ನಿಮ್ಮ ಭಾಗದಲ್ಲಿ ಈ ಕ್ರಮ ತಪ್ಪಬಾರದು: ಬ್ರೇಕರ್ ಆಫ್, ಐಸೊಲೇಟ್, ಬೀಗ ಮತ್ತು ಬೋರ್ಡು, ವೋಲ್ಟೇಜ್ ಇಲ್ಲವೆಂದು ಡಿಟೆಕ್ಟರಿನಿಂದ ಪರೀಕ್ಷೆ, ನಂತರ ಅರ್ಥಿಂಗ್. ಡಿಟೆಕ್ಟರ್ ಸರಿಯಾಗಿದೆಯೇ ಎಂದು ಚಾಲೂ ಇರುವ ಕಡೆ ಮೊದಲು ನೋಡಿ, ಕೊನೆಯಲ್ಲಿ ಮತ್ತೊಮ್ಮೆ ನೋಡಿ.

ಈಗಿನ ಕ್ಯಾಂಪಸ್ಸುಗಳಲ್ಲಿ ಇನ್ನೂ ಎರಡು ಕಡೆಯಿಂದ ಕರೆಂಟು ಹಿಂದಕ್ಕೆ ಬರಬಹುದು: ಡಿಜಿ ಸೆಟ್ಟು (ಡೀಸೆಲ್ ಜನರೇಟರ್) ಮತ್ತು ಮಾಳಿಗೆಯ ಸೋಲಾರ್. ಗ್ರಿಡ್ ಹೋದರೆ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ ಎನ್ನುವುದು ನಿಜ. ಆದರೆ ಡಿಜಿ ಚಾಲೂ ಆದಾಗ ಅದನ್ನೇ ಗ್ರಿಡ್ ಎಂದು ತಿಳಿದು ಮತ್ತೆ ಜೋಡಿಕೊಳ್ಳುವ ವೈರಿಂಗು ಹಲವು ಕಡೆ ಇದೆ. ಎಲ್‌ಟಿ ಪ್ಯಾನೆಲಿನಲ್ಲಿ ಕೆಲಸವಿದ್ದರೆ ಎರಡನ್ನೂ ಐಸೊಲೇಟ್ ಮಾಡಿ ಬೀಗ ಹಾಕಿ.

ವೋಲ್ಟೇಜ್ ದೂರು: ಆರು ಅಳತೆ

ಮಲ್ಟಿಮೀಟರ್ ಹಿಡಿದು ಕಟ್ಟಡದ ಮುಖ್ಯ ಪ್ಯಾನೆಲಿನಲ್ಲಿ ಆರು ಅಳತೆ ತೆಗೆಯಿರಿ: ಆರ್, ವೈ, ಬಿ ಎಂಬ ಮೂರು ಫೇಸುಗಳ ನಡುವೆ ಆರ್-ವೈ, ವೈ-ಬಿ, ಬಿ-ಆರ್, ಆಮೇಲೆ ಮೂರೂ ಫೇಸುಗಳಿಂದ ನ್ಯೂಟ್ರಲ್‌ಗೆ. ಒಂದೇ ಅಳತೆ ತೆಗೆದು ತೀರ್ಮಾನಕ್ಕೆ ಬರುವುದು ಈ ಕೆಲಸದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ಅಭ್ಯಾಸ.

ಆರೂ ಅಳತೆಗಳು ಒಂದೇ ಪ್ರಮಾಣದಲ್ಲಿ ಕಡಿಮೆ ಇದ್ದರೆ ಸಬ್‌ಸ್ಟೇಷನ್ನಿಗೆ ಹೋಗಿ ಟ್ರಾನ್ಸ್‌ಫಾರ್ಮರಿನ ಹತ್ತಿರ ಅಳೆಯಿರಿ. ಅಲ್ಲಿ ಸರಿಯಿದ್ದು ಕಟ್ಟಡದಲ್ಲಿ ಕಡಿಮೆಯಾದರೆ ನಡುವಿನ ಕೇಬಲ್ಲಿನ ಡ್ರಾಪ್: ಲೋಡು ಹೆಚ್ಚಾಗಿದೆ, ಇಲ್ಲವೆ ಎಲ್ಲೋ ಲಗ್ಗು (ಕೇಬಲ್ ತುದಿಯ ಲೋಹದ ಹಿಡಿಕೆ) ಸುಡುತ್ತಿದೆ. ಟ್ರಾನ್ಸ್‌ಫಾರ್ಮರಿನಲ್ಲೇ ಕಡಿಮೆ ಇದ್ದರೆ 11 ಕೆವಿ ಮೀಟರ್ ನೋಡಿ. ಒಳಬರುವುದು 10.45 ಕೆವಿ ಇದ್ದು ಟ್ಯಾಪು (ಟ್ರಾನ್ಸ್‌ಫಾರ್ಮರಿನಿಂದ ಹೊರಬರುವ ವೋಲ್ಟೇಜನ್ನು ಹೆಜ್ಜೆಹೆಜ್ಜೆಯಾಗಿ ಬದಲಿಸುವ ಸ್ವಿಚ್ಚು) ಮಧ್ಯದ ಸ್ಥಾನದಲ್ಲಿದ್ದರೆ ಲೋಡಿಲ್ಲದಾಗಲೇ 433ರ ಬದಲು 411 ವೋಲ್ಟ್ ಬರುತ್ತದೆ. ಲೋಡಿನಲ್ಲಿ ಇನ್ನೂ ಇಳಿಯುತ್ತದೆ. ಶಕ್ತಿನಗರದ 1,720 ಮೆಗಾವ್ಯಾಟ್ ಸ್ಥಾವರ ಪಕ್ಕದಲ್ಲೇ ಇದ್ದೂ ನಮಗೇಕೆ ವೋಲ್ಟೇಜ್ ಇಲ್ಲ ಎಂದು ರಾಯಚೂರಿನಲ್ಲಿ ಅನೇಕರು ಕೇಳುತ್ತಾರೆ. ಸ್ಥಾವರದ ವಿದ್ಯುತ್ತು ಹೈವೋಲ್ಟೇಜ್ ಜಾಲಕ್ಕೆ ಹೋಗುತ್ತದೆ. ನಿಮ್ಮ ವೋಲ್ಟೇಜ್ ನಿರ್ಧಾರವಾಗುವುದು ನಿಮ್ಮ 11 ಕೆವಿ ಫೀಡರಿನ ಉದ್ದ ಮತ್ತು ಅದರ ಮೇಲಿನ ಪಂಪ್‌ಸೆಟ್ಟುಗಳ ಲೋಡಿನಿಂದ. ಕಾಲುವೆಗೆ ನೀರು ಬಿಡದ ದಿನಗಳಲ್ಲಿ ಬೋರುಗಳೆಲ್ಲ ಒಟ್ಟಿಗೆ ಚಾಲೂ ಆಗುತ್ತವೆ. ಆ ಹೊತ್ತಿಗೆ ಇಳಿತ ಕಾಣುವುದು ಸಹಜ.

ಟ್ಯಾಪು ಬದಲಿಸುವುದಿದ್ದರೆ ಇದು ನೆನಪಿರಲಿ: ವಿತರಣಾ ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಸ್ವಿಚ್ ಸಾಮಾನ್ಯವಾಗಿ ಕರೆಂಟು ಪೂರ್ತಿ ತೆಗೆದಾಗ ಮಾತ್ರ ತಿರುಗಿಸುವಂಥದ್ದು. ಲೋಡ್ ಆಫ್ ಮಾಡಿದರೆ ಸಾಲದು, ಎಚ್‌ಟಿ ಕಡೆಯೂ ತೆಗೆಯಬೇಕು. ಒಂದೊಂದು ಹೆಜ್ಜೆ ಶೇ 2.5. ವರ್ಷವಿಡೀ ಮುಟ್ಟದ ಸ್ವಿಚ್ಚಿನ ಸಂಪರ್ಕಗಳ ಮೇಲೆ ಪದರ ಕಟ್ಟಿರುತ್ತದೆ. ಆ ತುದಿಯಿಂದ ಈ ತುದಿಗೆ ನಾಲ್ಕೈದು ಸಲ ತಿರುಗಿಸಿ, ಬೇಕಾದ ಸ್ಥಾನದಲ್ಲಿ ನಿಲ್ಲಿಸಿ, ವೈಂಡಿಂಗ್ ರೆಸಿಸ್ಟೆನ್ಸ್ ಅಳೆದು ಆಮೇಲೆ ಚಾರ್ಜ್ ಮಾಡಿ. ಬೇಸಿಗೆಯ ಇಳಿತಕ್ಕೆಂದು ಟ್ಯಾಪು ಏರಿಸಿದವರು ಜುಲೈನಲ್ಲಿ ಅದನ್ನು ಮತ್ತೆ ನೋಡಬೇಕು. ಇಲ್ಲವಾದರೆ ರಜೆಯ ರಾತ್ರಿಗಳಲ್ಲಿ ವೋಲ್ಟೇಜ್ ಮಿತಿ ಮೀರುತ್ತದೆ.

ನ್ಯೂಟ್ರಲ್ ಕಟ್

ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇವೆ, ಏಕೆಂದರೆ ಕ್ಯಾಂಪಸ್ಸಿನ ಉಪಕರಣಗಳನ್ನು ಸಾಮೂಹಿಕವಾಗಿ ಸುಡುವ ದೋಷ ಇದೇ. ಫೇಸಿನಿಂದ ಫೇಸಿಗೆ ಮೂರೂ ಕಡೆ 415 ಸರಿಯಾಗಿದ್ದು, ನ್ಯೂಟ್ರಲ್‌ಗೆ ಅಳೆದಾಗ 160, 280, 295 ಎಂದು ಚೆಲ್ಲಾಪಿಲ್ಲಿಯಾಗಿ ಬಂದರೆ ಇನ್ನೇನೂ ಯೋಚಿಸಬೇಡಿ: ನ್ಯೂಟ್ರಲ್ ಕಡಿದಿದೆ ಅಥವಾ ಕಡಿಯುತ್ತಿದೆ. ಕೂಡಲೇ ಆ ಫೀಡರನ್ನು ಆಫ್ ಮಾಡಿ. ಲೋಡು ಹೆಚ್ಚಿರುವ ಫೇಸಿನಲ್ಲಿ ವೋಲ್ಟೇಜ್ ಕುಸಿದು ಫ್ಯಾನು ನಿಧಾನವಾಗುತ್ತದೆ. ಲೋಡು ಕಡಿಮೆ ಇರುವ ಫೇಸಿನಲ್ಲಿ ಏರಿ ಕಂಪ್ಯೂಟರಿನ ಪವರ್ ಸಪ್ಲೈ, ಎಲ್‌ಇಡಿ ಡ್ರೈವರ್ ಹೋಗುತ್ತವೆ. ಒಂದೇ ಕಟ್ಟಡದಿಂದ 'ಡಿಮ್ ಆಗಿದೆ' ಎಂದೂ 'ಬಲ್ಬ್ ಸುಟ್ಟಿತು' ಎಂದೂ ಎರಡು ದೂರುಗಳು ಒಟ್ಟಿಗೆ ಬಂದರೆ ಮೀಟರ್ ಹಿಡಿಯುವ ಮೊದಲೇ ಸ್ವಿಚ್ ಆಫ್ ಮಾಡಿಸಿ.

ಹುಡುಕಬೇಕಾದ ಜಾಗಗಳು ಇವು. ಮೊದಲು ಎಲ್‌ಟಿ ಪ್ಯಾನೆಲಿನ ನ್ಯೂಟ್ರಲ್ ಬಸ್‌ಬಾರ್ (ಕೇಬಲ್ಲುಗಳನ್ನು ಕಟ್ಟುವ ಲೋಹದ ಪಟ್ಟಿ). ಅಲ್ಯೂಮಿನಿಯಂ ಲಗ್ಗನ್ನು ನೇರವಾಗಿ ತಾಮ್ರದ ಬಾರಿಗೆ ಕಟ್ಟಿದ್ದರೆ ನಡುವೆ ಬಿಳಿಪುಡಿ ಕಟ್ಟಿರುತ್ತದೆ, ಲಗ್ಗಿನ ಕುತ್ತಿಗೆ ಕಂದುಗಟ್ಟಿರುತ್ತದೆ, ಪಕ್ಕದ ಪಿವಿಸಿ ತೋಳು ಗಟ್ಟಿಯಾಗಿ ಉಗುರಿಗೆ ಚೂರುಚೂರಾಗುತ್ತದೆ. ಬೋಲ್ಟ್ ಬಿಗಿ ಮಾಡಿ ಬಿಟ್ಟರೆ ಸಾಲದು. ಲಗ್ಗು ಕತ್ತರಿಸಿ ತೆಗೆದು, ಬೈಮೆಟಲ್ ಲಗ್ಗು ಕ್ರಿಂಪ್ ಮಾಡಿ, ಬಾರನ್ನು ಬೆಳಗುವವರೆಗೆ ಉಜ್ಜಿ, ಸ್ಪ್ರಿಂಗ್ ವಾಷರ್ ಹಾಕಿ ಟಾರ್ಕ್ ಸ್ಪಾನರಿನಿಂದ ಬಿಗಿ ಮಾಡಿ. ಎರಡನೆಯದು ಫೀಡರ್ ಪಿಲ್ಲರ್. ಮಳೆನೀರು ಒಳಗೆ ಹೋಗುವ, ಇಲಿ ಹೆಗ್ಗಣ ಮನೆಮಾಡುವ ಜಾಗ ಅದು. ಮೂರನೆಯದು ಡಿಜಿಯ ನಾಲ್ಕು ಪೋಲ್ ಚೇಂಜ್‌ಓವರ್ (ಜೆಸ್ಕಾಂ, ಡಿಜಿ ನಡುವೆ ಬದಲಿಸುವ ಸ್ವಿಚ್ಚು). ಅದರ ನ್ಯೂಟ್ರಲ್ ಪೋಲ್ ಸುಟ್ಟಿದ್ದರೆ ದೋಷ ಜೆಸ್ಕಾಂ ಸಪ್ಲೈ ಇದ್ದಾಗ ಮಾತ್ರ, ಅಥವಾ ಡಿಜಿ ಮೇಲೆ ಇದ್ದಾಗ ಮಾತ್ರ ಕಾಣಿಸುತ್ತದೆ. ಯಾವಾಗ ಬರುತ್ತದೆ ಎಂದು ಕೇಳಿದರೆ ಇದು ತಾನಾಗಿ ಗೊತ್ತಾಗುತ್ತದೆ.

ಕಂಪ್ಯೂಟರ್ ಲ್ಯಾಬು, ಯುಪಿಎಸ್, ಎಲ್‌ಇಡಿ ತುಂಬಿರುವ ಕಟ್ಟಡದಲ್ಲಿ ನ್ಯೂಟ್ರಲ್ ಬೇರೆ ಕಾರಣಕ್ಕೂ ಸುಡುತ್ತದೆ. ಇವು ಎಳೆಯುವ ಮೂರನೇ ಹಾರ್ಮೋನಿಕ್ಸ್ (ಸಾಮಾನ್ಯ ಕರೆಂಟಿನ ಮೂರು ಪಟ್ಟು ಆವರ್ತನದ ಕರೆಂಟು) ಮೂರು ಫೇಸುಗಳಿಂದಲೂ ಬಂದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತವೆ, ಒಂದನ್ನೊಂದು ಕಳೆಯುವುದಿಲ್ಲ. ಲೋಡು ಎಷ್ಟೇ ಸಮನಾಗಿದ್ದರೂ ನ್ಯೂಟ್ರಲ್ ಕರೆಂಟು ಫೇಸ್ ಕರೆಂಟಿನ 1.73 ಪಟ್ಟಿನವರೆಗೂ ಹೋಗಬಲ್ಲದು. ಹಳೆಯ ಕಟ್ಟಡಗಳಿಗೆ ಹಾಕಿರುವುದು ಮೂರೂವರೆ ಕೋರ್ ಕೇಬಲ್. 300 ಚದರ ಮಿಮೀ ಫೇಸಿಗೆ ನ್ಯೂಟ್ರಲ್ 150 ಮಾತ್ರ. ಕ್ಲಾಂಪ್ ಮೀಟರನ್ನು ನ್ಯೂಟ್ರಲ್‌ಗೂ ಹಾಕಿ ನೋಡಿ, ಟ್ರೂ ಆರ್‌ಎಂಎಸ್ ಮೀಟರೇ ಆಗಿರಲಿ. ಸಾದಾ ಮೀಟರು ಇಂಥ ಕರೆಂಟನ್ನು ಕಡಿಮೆ ತೋರಿಸಿ ಮೋಸಮಾಡುತ್ತದೆ.

ಬ್ರೇಕರ್ ಟ್ರಿಪ್, ಎರೆ ನೆಲದ ಕೇಬಲ್

ಮುಖ್ಯ ವಿಸಿಬಿ ಟ್ರಿಪ್ ಆದರೆ ರಿಲೇಯ (ದೋಷ ಕಂಡು ಬ್ರೇಕರ್ ತೆರೆಸುವ ಉಪಕರಣದ) ಫ್ಲ್ಯಾಗನ್ನು ಬರೆದುಕೊಂಡ ಮೇಲೆಯೇ ರಿಸೆಟ್ ಒತ್ತಿ. ಓವರ್‌ಕರೆಂಟೋ, ಅರ್ಥ್‌ಫಾಲ್ಟೋ, ತಕ್ಷಣದ್ದೋ, ತಡವಾದದ್ದೋ ಎನ್ನುವುದು ಅದರಲ್ಲೇ ಇದೆ. ಒತ್ತಿದ ಮೇಲೆ ಆ ಮಾಹಿತಿ ಹಳೆಯ ರಿಲೇಗಳಲ್ಲಿ ಮತ್ತೆ ಸಿಗುವುದಿಲ್ಲ. 'ಇನ್ನೊಂದು ಸಲ ಹಾಕಿ ನೋಡೋಣ' ಎಂದು ಕೇಬಲ್ ಫಾಲ್ಟಿನ ಮೇಲೆ ಮತ್ತೆ ಮತ್ತೆ ಚಾರ್ಜ್ ಮಾಡಬೇಡಿ. ಒಂದು ಜಾಯಿಂಟ್ ಬದಲಿಸಿ ಮುಗಿಯುತ್ತಿದ್ದ ಕೆಲಸ ಹಲವು ಮೀಟರ್ ಕೇಬಲ್ ಬದಲಿಸುವವರೆಗೆ ಬೆಳೆಯುತ್ತದೆ, ಟ್ರಾನ್ಸ್‌ಫಾರ್ಮರಿನ ವೈಂಡಿಂಗಿಗೂ ಪೆಟ್ಟು ಬೀಳುತ್ತದೆ.

ಕರೆಂಟು ಹೋಗಿ ವಾಪಸ್ ಬಂದ ಕ್ಷಣಕ್ಕೇ ಟ್ರಿಪ್ ಆಗುತ್ತಿದ್ದರೆ ಅದು ಫಾಲ್ಟ್ ಅಲ್ಲದಿರಬಹುದು. 500 ಕೆವಿಎ ಟ್ರಾನ್ಸ್‌ಫಾರ್ಮರಿನ ಪೂರ್ಣ ಲೋಡ್ ಕರೆಂಟು 11 ಕೆವಿ ಕಡೆ 26 ಆಂಪಿಯರ್. ನಾಲ್ಕು ಸೇರಿ ಸುಮಾರು 105. ಎಲ್ಲವೂ ಒಟ್ಟಿಗೆ ಚಾರ್ಜ್ ಆದಾಗ ಮೊದಲ ಕೆಲವು ಸೈಕಲ್ಲುಗಳಲ್ಲಿ ಇದರ 8ರಿಂದ 10 ಪಟ್ಟು ಇನ್‌ರಷ್ (ಚಾಲೂ ಆದ ಕ್ಷಣದ ಕರೆಂಟು) ಎಳೆಯಬಹುದು. ಒಂದೊಂದೇ ಟ್ರಾನ್ಸ್‌ಫಾರ್ಮರನ್ನು ಅಂತರ ಬಿಟ್ಟು ಹಾಕಿ. ಬ್ರೇಕರ್ ಟ್ರಿಪ್ ಆಗದಿದ್ದರೆ ಸಮಸ್ಯೆ ಇನ್‌ರಷ್ ಅಷ್ಟೇ. ರಿಲೇ ಸೆಟ್ಟಿಂಗ್ ಏರಿಸುವ ಮೊದಲು ಜೆಸ್ಕಾಂ ಕಡೆಯ ರಿಲೇಯೊಂದಿಗೆ ಹೊಂದಾಣಿಕೆ ನೋಡಲೇಬೇಕು.

ನಿಜವಾದ ಕೇಬಲ್ ಫಾಲ್ಟಿದ್ದರೆ ರಿಂಗ್ ಇರುವುದೇ ನಿಮ್ಮ ಅನುಕೂಲ. ಆರ್‌ಎಂಯುಗಳ ಮೇಲಿನ ಫಾಲ್ಟ್ ಇಂಡಿಕೇಟರುಗಳನ್ನು ಮುಖ್ಯ ಬ್ರೇಕರಿನಿಂದ ಶುರುಮಾಡಿ ಒಂದೊಂದಾಗಿ ನೋಡುತ್ತ ಹೋಗಿ. ಕೊನೆಯದಾಗಿ ಸೂಚನೆ ತೋರಿದ ಆರ್‌ಎಂಯು ಮತ್ತು ಮೊದಲು ತೋರದ ಆರ್‌ಎಂಯು ನಡುವಿನ ಕೇಬಲ್ ತುಂಡಿನಲ್ಲೇ ದೋಷ. ಆ ತುಂಡಿನ ಎರಡೂ ತುದಿಗಳ ಸ್ವಿಚ್ ತೆರೆದು ಬೀಗ ಹಾಕಿ, ರಿಂಗಿನ ಸದಾ ತೆರೆದಿಡುವ ಪಾಯಿಂಟನ್ನು ಮುಚ್ಚಿದರೆ ಇನ್ನೊಂದು ಕಡೆಯಿಂದ ಎಲ್ಲ ಕಟ್ಟಡಗಳಿಗೂ ಕರೆಂಟು ಬರುತ್ತದೆ. ಹಳೆಯ ಸೂಚನೆ ರಿಸೆಟ್ ಆಗದೆ ಉಳಿದಿದ್ದರೆ ಈ ಲೆಕ್ಕ ತಪ್ಪುತ್ತದೆ. ಪ್ರತಿ ಘಟನೆಯ ಬಳಿಕ ರಿಸೆಟ್ ಮಾಡುವ ರೂಢಿ ಇರಲಿ.

ಈಗ ಎರೆ ಭೂಮಿಯ ಮಾತು. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯ ಕಪ್ಪು ಮಣ್ಣು ಒಣಗಿದಾಗ ಕುಗ್ಗಿ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ. 11 ಕೆವಿ ಕೇಬಲ್ ಹೂಳುವುದು 90 ಸೆಂಮೀ ಆಳದಲ್ಲಿ, ಎಲ್‌ಟಿ 75ರಲ್ಲಿ. ಬೇಸಿಗೆಯ ಬಿರುಕು ಅಲ್ಲಿಯವರೆಗೂ ಇಳಿಯಬಲ್ಲದು. ಮಣ್ಣು ಸರಿದಾಗ ಕೇಬಲ್ಲಿಗಿಂತ ಜಾಯಿಂಟ್ ಮೊದಲು ಸೋಲುತ್ತದೆ: ಒಳಗಿನ ಫೆರೂಲ್ ಎಳೆಯಲ್ಪಟ್ಟು, ಹೊರಗಿನ ಹೀಟ್‌ಶ್ರಿಂಕ್ ತೋಳಿನ ತುದಿ ಒಂದಿಷ್ಟು ಬಾಯಿಬಿಡುತ್ತದೆ. ಮೇ ತಿಂಗಳಿಡೀ ಏನೂ ಆಗುವುದಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಿರುಕಿನ ಗುಂಟ ನೀರು ಸೀದಾ ಜಾಯಿಂಟಿಗೆ ಇಳಿಯುತ್ತದೆ, ಅರ್ಥ್‌ಫಾಲ್ಟ್ ಟ್ರಿಪ್ ಬರುತ್ತದೆ. ಸಿಡಿಲನ್ನು ದೂರುವ ಮೊದಲು ಕೇಬಲ್ ನಕ್ಷೆ ತೆಗೆದು ಜಾಯಿಂಟುಗಳು ಎಲ್ಲಿವೆ ನೋಡಿ.

ಪರೀಕ್ಷೆ ಹೀಗೆ: ಎರಡೂ ತುದಿ ಬಿಚ್ಚಿ, 5 ಕೆವಿ ಮೆಗ್ಗರಿನಿಂದ (ಇನ್ಸುಲೇಷನ್ ಅಳೆಯುವ ಮೀಟರಿನಿಂದ) ಒಂದೊಂದು ಫೇಸನ್ನೂ ಅರ್ಥಿಗೆ ಅಳೆಯಿರಿ. ಆರೋಗ್ಯವಾದ ಎಕ್ಸ್‌ಎಲ್‌ಪಿಇ (ಪ್ಲಾಸ್ಟಿಕ್ ಇನ್ಸುಲೇಷನ್ನಿನ) ಕೇಬಲ್ಲಿನಲ್ಲಿ ಸಾವಿರಾರು ಮೆಗಾಓಮ್ ಬರುತ್ತದೆ. ಮೂರರಲ್ಲಿ ಒಂದು ಮಾತ್ರ ಕುಸಿದಿದ್ದರೆ ಅದೇ ಕೆಟ್ಟ ಫೇಸು. ಎಲ್‌ಟಿ ಕೇಬಲ್ಲಿಗೆ 1,000 ವೋಲ್ಟ್ ಮೆಗ್ಗರ್ ಸಾಕು. ಪ್ರತಿ ಅಳತೆಯ ನಂತರ ಅರ್ಥಿಂಗ್ ರಾಡಿನಿಂದ ಚೆನ್ನಾಗಿ ಡಿಸ್ಚಾರ್ಜ್ ಮಾಡಿ, ಉದ್ದದ ಕೇಬಲ್ ಸ್ವಿಚ್ ತೆಗೆದ ಮೇಲೂ ಚಾರ್ಜ್ ಹಿಡಿದಿರುತ್ತದೆ. ಜಾಗ ಹಿಡಿಯಲು ಮರ್ರೆ ಲೂಪ್ (ರೆಸಿಸ್ಟೆನ್ಸ್ ಹೋಲಿಸಿ ದೋಷದ ದೂರ ಲೆಕ್ಕಹಾಕುವ ಪರೀಕ್ಷೆ) ಇನ್ನೂ ನಂಬಿಕೆಯ ಉಪಾಯ: ದೂರದ ತುದಿಯಲ್ಲಿ ಒಳ್ಳೆಯ ಫೇಸನ್ನೂ ಕೆಟ್ಟ ಫೇಸನ್ನೂ ದಪ್ಪ ಜಂಪರಿನಿಂದ ಸೇರಿಸಿ ಬ್ರಿಡ್ಜ್ ಕಟ್ಟಿ. 600 ಮೀಟರ್ ಕೇಬಲ್ ಎಂದರೆ ಲೂಪು 1,200. ಬ್ರಿಡ್ಜಿನ ಓದು 0.35 (ಲೂಪಿನ ಶೇ 35) ಬಂದರೆ ದೋಷ 420 ಮೀಟರ್ ದೂರದಲ್ಲಿ. ಜಂಪರ್ ಸಡಿಲವಿದ್ದರೆ ಈ ಲೆಕ್ಕ ಹತ್ತಾರು ಮೀಟರ್ ತಪ್ಪುತ್ತದೆ. ಹಳೆಯ ಎಕ್ಸ್‌ಎಲ್‌ಪಿಇ ಕೇಬಲ್ಲಿಗೆ ಡಿಸಿ ಹೈಪಾಟ್ (ಹೆಚ್ಚು ಡಿಸಿ ವೋಲ್ಟೇಜ್ ಕೊಟ್ಟು ನೋಡುವ) ಪರೀಕ್ಷೆ ಬೇಡ, ಇನ್ಸುಲೇಷನ್ನಿನಲ್ಲಿ ಚಾರ್ಜ್ ಉಳಿದು ಮುಂದೆ ಅಲ್ಲೇ ಒಡೆಯುವ ಅಪಾಯವಿದೆ. 0.1 ಹರ್ಟ್ಸ್‌ನ ವಿಎಲ್‌ಎಫ್ (ಅತಿ ಕಡಿಮೆ ಆವರ್ತನದ) ಪರೀಕ್ಷೆ ಮಾಡಿಸಿ.

ಹೊಸ ಜಾಯಿಂಟ್ ಹಾಕುವಾಗ ಎರಡೂ ಬದಿಗೆ ಸುಮಾರು ಒಂದು ಮೀಟರ್ ಬಳುಕು ಬಿಡಿ. ಅಗೆದ ಕಪ್ಪು ಮಣ್ಣನ್ನೇ ಮತ್ತೆ ತುಂಬಬೇಡಿ. ಸುತ್ತ ಮರಳು, ಮೇಲೆ ಇಟ್ಟಿಗೆ, ಅದರ ಮೇಲೆ ಮೊರಂ. ಕಲ್ಲು ನೆಟ್ಟು ಗುರುತು ಮಾಡಿ.

ಅರ್ಥ್ ಪಿಟ್ಟುಗಳ ಕಥೆಯೂ ಇದೇ ಮಣ್ಣಿನದು. ಎರೆ ಮಣ್ಣು ಹಸಿಯಿದ್ದಾಗ ಅರ್ಥಿಂಗ್ ಬಹಳ ಚೆನ್ನಾಗಿರುತ್ತದೆ. ಒಣಗಿದಾಗ ಎಲೆಕ್ಟ್ರೋಡಿನಿಂದ ಕಳಚಿ ಸುತ್ತ ಸಂದು ಬೀಳುತ್ತದೆ. ಆಗಸ್ಟಿನಲ್ಲಿ ಅಳೆದು ಪಾಸ್ ಎಂದು ಬರೆದ ಪಿಟ್ಟು ಮೇ ತಿಂಗಳಲ್ಲಿ ಪಾಸ್ ಆಗದೆ ಹೋಗಬಹುದು. ಅಳತೆ ಮೇ ತಿಂಗಳಲ್ಲೇ ಆಗಲಿ, ಪೊಟೆನ್ಷಿಯಲ್ ರಾಡು ಕರೆಂಟ್ ರಾಡಿನ ದೂರದ ಶೇ 62ರಲ್ಲಿ ಇರಲಿ. ಸಬ್‌ಸ್ಟೇಷನ್ ಗ್ರಿಡ್ಡಿಗೆ 1 ಓಮ್ ಒಳಗೆ ಇಟ್ಟುಕೊಳ್ಳುವುದು ರೂಢಿ.

ಸೋಲಾರ್ ಬಂದ ಮೇಲಿನ ಹೊಸ ತಕರಾರುಗಳು

ಭಾನುವಾರ ಮಧ್ಯಾಹ್ನ ಇನ್ವರ್ಟರುಗಳು ಟ್ರಿಪ್ ಆಗಿ ಸೋಮವಾರ ಸರಿಯಿರುತ್ತವೆಯೇ? ಇನ್ವರ್ಟರ್ ಕೆಟ್ಟಿಲ್ಲ. ಕ್ಯಾಂಪಸ್ಸಿನಲ್ಲಿ ಲೋಡಿಲ್ಲ, ಸೋಲಾರ್ ಪೂರ್ತಿ ಒತ್ತುತ್ತಿದೆ, ಆ ಫೀಡರಿನ ವೋಲ್ಟೇಜ್ ಏರಿ ಶೇ 110ರ ಮಿತಿ ಅಂದರೆ 253 ವೋಲ್ಟ್ ದಾಟುತ್ತಿದೆ. ಬೇಸಿಗೆಗೆಂದು ಏರಿಸಿದ ಟ್ಯಾಪು ಇಲ್ಲಿ ಎದುರಾಗುತ್ತದೆ. ಟ್ಯಾಪು ಒಂದು ಹೆಜ್ಜೆ ಇಳಿಸಿ, ಇಲ್ಲವೆ ಇನ್ವರ್ಟರಿನಿಂದ ಪ್ಯಾನೆಲಿಗೆ ಹೋಗುವ ಕೇಬಲ್ ದಪ್ಪ ಮಾಡಿ.

ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ಕುಸಿಯುವುದು ಇನ್ನೊಂದು. ಕ್ಯಾಂಪಸ್ಸಿನ ಲೋಡು 300 ಕಿಲೋವ್ಯಾಟ್, 100 ಕೆವಿಎಆರ್ (ಕೆಲಸ ಮಾಡದೆ ಹೋಗಿಬರುವ ರಿಯಾಕ್ಟಿವ್ ಪವರ್) ಎಂದಿರಲಿ, ಪಿಎಫ್ (ಪವರ್ ಫ್ಯಾಕ್ಟರ್) 0.95. ಸೋಲಾರ್ 220 ಕಿಲೋವ್ಯಾಟ್ ಕೊಟ್ಟರೆ ಜೆಸ್ಕಾಂನಿಂದ ಬರುವುದು 80 ಕಿಲೋವ್ಯಾಟ್, ಕೆವಿಎಆರ್ ಮಾತ್ರ ಅದೇ 100. ಮೀಟರಿನಲ್ಲಿ ಪಿಎಫ್ 0.62! ಲೋಡು ಕೆಟ್ಟಿಲ್ಲ, ಕೆಪಾಸಿಟರ್ ಕೆಟ್ಟಿಲ್ಲ. ಎಪಿಎಫ್‌ಸಿ ಪ್ಯಾನೆಲಿನ (ಕೆಪಾಸಿಟರುಗಳನ್ನು ತಾನಾಗಿ ಹಾಕಿ ತೆಗೆಯುವ ಪ್ಯಾನೆಲಿನ) ಸಿಟಿ (ಕರೆಂಟು ಅಳೆದು ತಿಳಿಸುವ ಟ್ರಾನ್ಸ್‌ಫಾರ್ಮರ್) ಸೋಲಾರ್ ಸೇರುವ ಜಾಗದ ಲೋಡ್ ಕಡೆ ಇದ್ದರೆ ಅದಕ್ಕೆ 0.95 ಕಾಣುತ್ತದೆ, ಸುಮ್ಮನಿರುತ್ತದೆ. ಸಿಟಿಯನ್ನು ಸೋಲಾರ್ ಸೇರುವ ಬಿಂದುವಿಗಿಂತ ಮೇಲೆ, ಗ್ರಿಡ್ ಕಡೆಗೆ ಸರಿಸಿ. ಕೆಪಾಸಿಟರ್ ನಿಜವಾಗಿ ಸತ್ತಿದೆಯೇ ಎಂದು ನೋಡಲು ಕ್ಲಾಂಪ್ ಸಾಕು: 440 ವೋಲ್ಟಿನ 25 ಕೆವಿಎಆರ್ ಯೂನಿಟ್ 415 ವೋಲ್ಟಿನಲ್ಲಿ ಸುಮಾರು 31 ಆಂಪಿಯರ್ ಎಳೆಯಬೇಕು. 20 ಬಂದರೆ ಸತ್ವ ಹೋಗಿದೆ. 40 ದಾಟಿದರೆ ಹಾರ್ಮೋನಿಕ್ಸ್ ಒಳಗೆ ನುಗ್ಗುತ್ತಿದೆ.

ತಂಪು ಬರುತ್ತಿಲ್ಲ

ಇಲ್ಲೂ ಗಡಿಯೇ ಮೊದಲು. ಒಂದು ಕೋಣೆ ಮಾತ್ರವಾದರೆ ಫಿಲ್ಟರ್, ಬೆಲ್ಟ್, ಕಾಯಿಲ್, ವಾಲ್ವ್ ಮೋಟರು. ಒಂದು ಕಟ್ಟಡವಾದರೆ ಆ ಕಟ್ಟಡದ ಸ್ಟ್ರೈನರ್, ಮೇಲ್ತುದಿಯಲ್ಲಿ ಸೇರಿಕೊಂಡ ಗಾಳಿ. ಎಲ್ಲ ಕಟ್ಟಡಗಳೂ ಆದರೆ ಪ್ಲಾಂಟು. ಆದರೆ ಪ್ಲಾಂಟಿನ ದೋಷದಂತೆ ಕಾಣುವ ಹಲವು ದೋಷಗಳು ಕಟ್ಟಡಗಳಲ್ಲೇ ಹುಟ್ಟುತ್ತವೆ.

ಸಪ್ಲೈ ಮತ್ತು ರಿಟರ್ನ್ ನೀರಿನ ಉಷ್ಣಾಂಶದ ಅಂತರ ನೋಡಿ. ಒಂದು ಟಿಆರ್ (ಟನ್, ತಂಪಿನ ಅಳತೆ) ಎಂದರೆ 3.517 ಕಿಲೋವ್ಯಾಟ್ ಶಾಖ. 100 ಟಿಆರ್ ಸಾಗಿಸಲು 5.5 ಡಿಗ್ರಿ ಅಂತರವಿದ್ದರೆ ಗಂಟೆಗೆ 55 ಘನಮೀಟರ್ ನೀರು ಸಾಕು. ಅಂತರ 2.5ಕ್ಕೆ ಇಳಿದರೆ 121 ಬೇಕು. ಅಷ್ಟು ನೀರಿಗೆ ಚಿಲ್ಲರ್ ಮಾಡಿಲ್ಲ. ನೀರು ತಂಪು ಕೊಡದೆ ಸುಮ್ಮನೆ ಸುತ್ತಿ ಬರುತ್ತಿದೆ ಎಂದರ್ಥ: ಎಲ್ಲೋ ಬೈಪಾಸ್ ತೆರೆದಿದೆ, ನಿಂತ ಎಎಚ್‌ಯುವಿನ ವಾಲ್ವ್ ಮುಚ್ಚಿಲ್ಲ, ತ್ರೀವೇ ವಾಲ್ವ್ ಅರ್ಧದಲ್ಲಿ ಸಿಕ್ಕಿಕೊಂಡಿದೆ, ಇಲ್ಲವೆ ಕಾಯಿಲಿನ ರೆಕ್ಕೆಗಳು ದೂಳಿನಿಂದ ಕಟ್ಟಿಹೋಗಿವೆ. ಬಳ್ಳಾರಿ, ಸಂಡೂರು ರಸ್ತೆಗಳ ಕೆಂಪು ದೂಳಿನಲ್ಲಿ ಕಾಯಿಲುಗಳು ಎಷ್ಟು ಬೇಗ ಮುಚ್ಚುತ್ತವೆ ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಥರ್ಮೋಸ್ಟಾಟನ್ನು 16ಕ್ಕೆ ಇಡುವುದೂ ಇದೇ ಗುಂಪಿಗೆ ಸೇರುತ್ತದೆ; ಆ ಉಷ್ಣಾಂಶ ಎಂದೂ ಬರುವುದಿಲ್ಲ, ವಾಲ್ವ್ ಎಂದೂ ಮುಚ್ಚುವುದಿಲ್ಲ.

ಪ್ರೈಮರಿ (ಚಿಲ್ಲರಿನ ಮೂಲಕ ನೀರು ತಳ್ಳುವ) ಮತ್ತು ಸೆಕೆಂಡರಿ (ಕಟ್ಟಡಗಳಿಗೆ ತಳ್ಳುವ) ಪಂಪುಗಳು ಬೇರೆ ಬೇರೆ ಇರುವ ಪ್ಲಾಂಟಿನಲ್ಲಿ ಎರಡರ ನಡುವಿನ ಡಿಕಪ್ಲರ್ ಪೈಪಿಗೆ ಕೈ ಇಡಿ, ಆಮೇಲೆ ಥರ್ಮಾಮೀಟರ್ ಇಡಿ. ಅದು ಸಪ್ಲೈಯಷ್ಟು ತಣ್ಣಗಿದ್ದರೆ ಸರಿ. ರಿಟರ್ನ್ ನೀರಿನಷ್ಟು ಬಿಸಿಯಿದ್ದರೆ ನೀರು ಹಿಂದಕ್ಕೆ ಹರಿದು ಸಪ್ಲೈಗೆ ಬೆರೆಯುತ್ತಿದೆ. ಪ್ರೈಮರಿ 100, ಸೆಕೆಂಡರಿ 140 ಘನಮೀಟರ್, ರಿಟರ್ನ್ 11 ಡಿಗ್ರಿ ಎಂದರೆ ಚಿಲ್ಲರಿನಿಂದ 7ರಲ್ಲಿ ಹೊರಟ ನೀರು ಕಟ್ಟಡಕ್ಕೆ 8.1ರಲ್ಲಿ ತಲುಪುತ್ತದೆ. ಆಪರೇಟರ್ ಇನ್ನೊಂದು ಚಿಲ್ಲರ್ ಹಾಕುತ್ತಾನೆ, ಕರೆಂಟು ಬಿಲ್ ಏರುತ್ತದೆ, ಮೂಲ ಕಾರಣ ಕಟ್ಟಡದಲ್ಲೇ ಉಳಿಯುತ್ತದೆ. ಸೆಕೆಂಡರಿ ಪಂಪಿನ ವೇಗ ಇಳಿಸಿ, ಅಂತರ ಅತಿ ಕಡಿಮೆ ಇರುವ ಕಟ್ಟಡದಿಂದ ಶುರುಮಾಡಿ ವಾಲ್ವುಗಳನ್ನು ಪರೀಕ್ಷಿಸಿ.

ಕಂಡೆನ್ಸರ್ ಒತ್ತಡ ಹೆಚ್ಚಾಗಿ ಚಿಲ್ಲರ್ ಟ್ರಿಪ್ ಆದರೆ 'ಬಿಸಿಲು ಜಾಸ್ತಿ, ಏನು ಮಾಡೋದು' ಎಂದು ಬಿಡುವುದು ಸಾಮಾನ್ಯ. ಏರ್‌ಕೂಲ್ಡ್ ಚಿಲ್ಲರಿಗೆ ಆ ಮಾತು ಒಪ್ಪುತ್ತದೆ, ಕೂಲಿಂಗ್ ಟವರ್ (ನೀರನ್ನು ಆವಿಯಾಗಿಸಿ ತಣಿಸುವ ಗೋಪುರ) ಇರುವ ಪ್ಲಾಂಟಿಗೆ ಒಪ್ಪುವುದಿಲ್ಲ. ಟವರ್ ಕೆಲಸ ಮಾಡುವುದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಉಷ್ಣಾಂಶದ ಮೇಲೆ. ನಮ್ಮ ಒಣ ಬೇಸಿಗೆಯಲ್ಲಿ ಹೊರಗೆ 42 ಇದ್ದರೂ ಅದು 24ರ ಆಸುಪಾಸು ಇರಬಲ್ಲದು. ಮಳೆಗಾಲದ 30 ಡಿಗ್ರಿಯ ದಿನದಲ್ಲಿ ಅದಕ್ಕಿಂತ ಹೆಚ್ಚೂ ಇರುತ್ತದೆ. ಒಳ್ಳೆಯ ಟವರ್ ಇದಕ್ಕಿಂತ ನಾಲ್ಕು ಡಿಗ್ರಿ ಮೇಲಿನ ನೀರು ಕೊಡಬೇಕು, ಅಂದರೆ 28. ಏಪ್ರಿಲ್‌ನಲ್ಲಿ 34ರ ನೀರು ಬರುತ್ತಿದ್ದರೆ ತಪ್ಪು ಬಿಸಿಲಿನದಲ್ಲ: ಫಿಲ್ (ನೀರು ಹರಡಿ ಇಳಿಯುವ ಹಾಳೆಗಳು) ಕಟ್ಟಿದೆ, ನಾಜಲ್ ಮುಚ್ಚಿದೆ, ಅಥವಾ ಫ್ಯಾನ್ ಸರಿಯಿಲ್ಲ. ಟವರ್ ನೀರು 28 ಇದ್ದೂ ಒತ್ತಡ ಹೆಚ್ಚಿದ್ದರೆ ಕಂಡೆನ್ಸರ್ ಟ್ಯೂಬು ನೋಡಿ. ರೆಫ್ರಿಜರೆಂಟಿನ ಕಂಡೆನ್ಸಿಂಗ್ ಉಷ್ಣಾಂಶದಿಂದ ಹೊರಹೋಗುವ ನೀರಿನದನ್ನು ಕಳೆಯಿರಿ. ಒಂದೆರಡು ಡಿಗ್ರಿ ಬಂದರೆ ಟ್ಯೂಬು ಸ್ವಚ್ಛ. ನಾಲ್ಕು ದಾಟಿದರೆ ಒಳಗೆ ಸುಣ್ಣದ ಪದರ.

ಸವಳು ಬೋರ್ ನೀರಿನ ನಾಡಿನಲ್ಲಿ ಈ ಪದರ ಬಂದೇ ಬರುತ್ತದೆ. ಪ್ರತಿ ಟಿಆರ್‌ಗೆ ಗಂಟೆಗೆ ಸುಮಾರು ಆರೂವರೆ ಲೀಟರ್ ನೀರು ಆವಿಯಾಗುತ್ತದೆ. 200 ಟಿಆರ್ ಪೂರ್ಣ ಲೋಡಿನಲ್ಲಿ ಹತ್ತು ಗಂಟೆ ನಡೆದರೆ 13,000 ಲೀಟರ್. ಆವಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಬೋರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) 900 ಇದ್ದು ಟವರಿನದು 2,700 ಆಗಿದ್ದರೆ ಮೂರು ಪಟ್ಟು ಸಾಂದ್ರವಾಗಿದೆ. ಆ ಮಟ್ಟದಲ್ಲಿ ನಿಲ್ಲಿಸಲು ಆವಿಯ ಅರ್ಧದಷ್ಟು, ಅಂದರೆ 6,500 ಲೀಟರ್ ಹೊರಬಿಡಬೇಕು. ನೀರು ಉಳಿಸಲೆಂದು ಬ್ಲೋಡೌನ್ (ಉಪ್ಪು ನೀರು ಹೊರಬಿಡುವ) ವಾಲ್ವ್ ಮುಚ್ಚಿಟ್ಟವರು ಉಳಿಸಿದ ನೀರಿನ ಹಣಕ್ಕಿಂತ ಹೆಚ್ಚನ್ನು ಕರೆಂಟಿಗೆ ಕಟ್ಟುತ್ತಾರೆ. ಹೊರಬಿಟ್ಟ ನೀರನ್ನು ಶೌಚಾಲಯದ ಫ್ಲಶ್ಶಿಗೆ ತಿರುಗಿಸಿ. ಗಿಡಗಳಿಗೆ ಬೇಡ, ಎರೆ ಮಣ್ಣಿಗೆ ಉಪ್ಪು ಸೇರಿಸಿದಂತಾಗುತ್ತದೆ.

ಕೇಬಲ್ ರಿಪೇರಿಯ ಮರುದಿನವೇ ತಂಪಿನ ದೂರು ಬಂದರೆ ಫೇಸ್ ಸೀಕ್ವೆನ್ಸ್ ನೋಡಿ. ಜಾಯಿಂಟಿನಲ್ಲಿ ಎರಡು ಫೇಸು ಅದಲುಬದಲಾದರೆ ಮೋಟರುಗಳು ಉಲ್ಟಾ ತಿರುಗುತ್ತವೆ. ಚಿಲ್ಲರಿಗೆ ರಕ್ಷಣಾ ರಿಲೇ ಇರುತ್ತದೆ, ಅದು ನಿಲ್ಲುತ್ತದೆ. ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಮೇಲಿನ ಪಂಪು ಒಳಬರುವ ಸೀಕ್ವೆನ್ಸ್ ಲೆಕ್ಕಿಸದೆ ಸರಿಯಾಗೇ ತಿರುಗುತ್ತದೆ. ಸ್ಟಾರ್ಟರ್ ಮೇಲೆ ನೇರ ನಡೆಯುವ ಕಂಡೆನ್ಸರ್ ಪಂಪು ಮತ್ತು ಟವರ್ ಫ್ಯಾನು ಮಾತ್ರ ಸದ್ದಿಲ್ಲದೆ ಉಲ್ಟಾ ನಡೆಯುತ್ತವೆ. ಸೆಂಟ್ರಿಫ್ಯೂಗಲ್ ಪಂಪು ಉಲ್ಟಾ ತಿರುಗಿದರೂ ನೀರು ಎತ್ತುತ್ತದೆ, ಒತ್ತಡ ಮಾತ್ರ ಬಿದ್ದುಹೋಗಿರುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಟವರಿನ ಬದಿಯ ಜಾಲರಿಗೆ ಒಂದು ಕಾಗದದ ಚೂರು ಹಿಡಿಯಿರಿ. ಒಳಗೆ ಅಂಟಿಕೊಂಡರೆ ಫ್ಯಾನ್ ಸರಿ, ಹೊರಗೆ ಹಾರಿದರೆ ಉಲ್ಟಾ. ಮೋಟರಿನಲ್ಲಿ ವೈರ್ ಬದಲಿಸಬೇಡಿ. ಜಾಯಿಂಟ್ ಆದ ಫೀಡರಿನ ತುದಿಯಲ್ಲೇ ಸರಿಮಾಡಿ. ಇಲ್ಲವಾದರೆ ಡಿಜಿ ಬಂದಾಗ ಅದೇ ಮೋಟರು ಮತ್ತೆ ಉಲ್ಟಾ.

ಹಾಸ್ಟೆಲಿನ ಬಿಸಿನೀರು

ಮಾಳಿಗೆಯ ಸೋಲಾರ್ ಟ್ಯಾಂಕಿನಲ್ಲಿ 60 ಡಿಗ್ರಿ, ಬಚ್ಚಲಿನಲ್ಲಿ ಉಗುರುಬೆಚ್ಚಗೆ: ಇದು ಪ್ಯಾನೆಲಿನ ದೋಷವಲ್ಲ, ಪೈಪಿನದು. ಟ್ಯಾಂಕೇ ತಣ್ಣಗಿದ್ದರೆ ಮಾತ್ರ ಕಲೆಕ್ಟರಿನತ್ತ ನೋಡಿ. ಫ್ಲಾಟ್ ಪ್ಲೇಟ್ ಆದರೆ ಸಣ್ಣ ರೈಸರ್ ಟ್ಯೂಬುಗಳು ಸುಣ್ಣ ಕಟ್ಟಿರುತ್ತವೆ, ಮೇಲಿನ ಏರ್ ವೆಂಟ್ ಮುಚ್ಚಿ ಗಾಳಿ ನಿಂತಿರುತ್ತದೆ. ಮಧ್ಯಾಹ್ನ ಪ್ಯಾನೆಲಿನ ಮೇಲ್ತುದಿಯ ಪೈಪು ಸುಡುವಷ್ಟು ಬಿಸಿಯಿದ್ದು ಟ್ಯಾಂಕಿಗೆ ಹೋಗುವ ಪೈಪು ತಣ್ಣಗಿದ್ದರೆ ನೀರು ಚಲಿಸುತ್ತಿಲ್ಲ. ರಾತ್ರಿ ಟ್ಯಾಂಕು ಬೇಗ ತಣಿದರೆ ಸರ್ಕ್ಯುಲೇಷನ್ ಪಂಪಿನ ಟೈಮರ್ ನೋಡಿ, ರಾತ್ರಿಯಿಡೀ ನೀರು ಸುತ್ತಿಸಿ ಶಾಖವನ್ನು ಗೋಡೆಗಳಿಗೆ ಹಂಚುತ್ತಿರುತ್ತದೆ.

ಟ್ಯಾಂಕು ಬಿಸಿ, ನಲ್ಲಿ ಬೆಚ್ಚಗೆ ಎನ್ನುವ ದೂರಿಗೆ ಹೆಚ್ಚಿನ ಸಲ ಕಾರಣ ಒಂದು ಮಿಕ್ಸರ್. ಶವರಿಗೆ ಬೇರೆ ಕಾಕ್ ಹಾಕಿ, ಅದನ್ನಷ್ಟೇ ಮುಚ್ಚಿ, ಬಿಸಿ ತಣ್ಣೀರಿನ ಎರಡೂ ಹಿಡಿಗಳನ್ನು ತೆರೆದಿಟ್ಟು ಹೋದರೆ ತಣ್ಣೀರು ಆ ಮಿಕ್ಸರಿನ ಮೂಲಕ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ, ತಣ್ಣೀರಿನ ಒತ್ತಡ ಹೆಚ್ಚಿದ್ದರೆ ಇಡೀ ಸಾಲಿಗೇ. ಪರೀಕ್ಷೆ ಸುಲಭ: ಮಾಳಿಗೆಯಲ್ಲಿ ಬಿಸಿ ಟ್ಯಾಂಕಿನ ಹೊರಹೋಗುವ ವಾಲ್ವ್ ಮುಚ್ಚಿ, ಕೆಳಗೆ ಯಾವುದಾದರೊಂದು ಬಿಸಿನೀರಿನ ನಲ್ಲಿ ತೆರೆಯಿರಿ. ಪೈಪಿನಲ್ಲಿದ್ದಷ್ಟು ಬಂದು ನಿಂತರೆ ಸರಿ. ನಿಲ್ಲದೆ ಸುರಿಯುತ್ತಿದ್ದರೆ ತಣ್ಣೀರು ಅಡ್ಡ ಬರುತ್ತಿದೆ. ಒಂದೊಂದು ಮಹಡಿಯ ಬಿಸಿನೀರಿನ ವಾಲ್ವನ್ನು ಮುಚ್ಚುತ್ತ ಬನ್ನಿ. ಯಾವುದನ್ನು ಮುಚ್ಚಿದಾಗ ಸುರಿತ ನಿಲ್ಲುತ್ತದೋ ಆ ಮಹಡಿಯ ಬಚ್ಚಲುಗಳಲ್ಲಿ ಒಂದೊಂದೇ ಮಿಕ್ಸರಿನ ಹಿಡಿ ಮುಚ್ಚಿ ನೋಡಿ. ಸಿಕ್ಕ ಜಾಗದಲ್ಲಿ ಶವರಿನ ಆ ಹೆಚ್ಚುವರಿ ಕಾಕ್ ತೆಗೆದುಹಾಕಿ, ಬಿಸಿ ಮತ್ತು ತಣ್ಣೀರಿನ ಎರಡೂ ಒಳಬರುವ ಪೈಪುಗಳಿಗೆ ನಾನ್‌ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹರಿಯಗೊಡದ ವಾಲ್ವ್) ಹಾಕಿ.